ಏಳನೇ ಚುಕ್ಕೆ

ಪರದೆಯ ಮೇಲಿನ ಚುಕ್ಕೆಗಳು ಒಂದೊಂದಾಗಿ ಆರಿಹೋಗುತ್ತಿದ್ದಂತೆ ಸಭೆಯಲ್ಲಿ ನಗೆ ಏಳುತ್ತಿತ್ತು. ಒಂದೊಂದು ಚುಕ್ಕೆಯೂ ತಿಕೋಟಾ ಸ್ಟ್ಯಾಂಡಿನ ಒಂದೊಂದು ಟಂಟಂ, ಮಂದಿ ಸಾಗಿಸುವ ಮೂರು ಗಾಲಿಯ ಗಾಡಿ. ಕುನಾಲ ಎಂಬ ಸಂಶೋಧಕ ಎರಡು ತಿಂಗಳ ಹಿಂದೆ ಬಂದು ಎಲ್ಲ ಗಾಡಿಗಳಿಗೂ ಕಡ್ಡಿಪೆಟ್ಟಿಗೆಯಷ್ಟು ಯಂತ್ರ ಅಂಟಿಸಿ, "ಗಾಡಿ ಎಲ್ಲೆಲ್ಲಿ ಓಡತಾವ ಅಂತ ನೋಡತೇವ್ರಿ, ಅಷ್ಟ" ಎಂದು ಚಹಾ ಕುಡಿದು ಹೋಗಿದ್ದ. ಈಗ ವಿಜಯಪುರದಲ್ಲಿ, ಸೊಲ್ಲಾಪುರ ರಸ್ತೆಯ ಈ ಸಭಾಂಗಣದಲ್ಲಿ, ಅಧಿಕಾರಿಗಳೆದುರು ಅವೇ ಚುಕ್ಕೆಗಳನ್ನು ಕೋಲಿನಿಂದ ತೋರಿಸುತ್ತಿದ್ದ.

"ಸಂತಿ ದಿನ ನೋಡ್ರಿ. ತಿಕೋಟಾದಿಂದ ಬಬಲೇಶ್ವರಕ್ಕ ಹೋಗೋ ಮಂದಿ ದುಪ್ಪಟ್ಟು. ಗಿರಾಕಿ ಹೆಚ್ಚಾದಾಗ ದುಡಿಮಿನೂ ಹೆಚ್ಚಾಗಬೇಕಲ್ರಿ? ಇಲ್ಲಿ ಉಲ್ಟಾ! ಮಧ್ಯಾಹ್ನಕ್ಕs ದಿನದ ಗಳಿಕಿ ಕೈಗೆ ಬರತದ, ಗಾಡಿ ಮನೀಗೆ ಹೋಗತಾವ. ಹೊಟ್ಟಿ ತುಂಬಿದ ಮ್ಯಾಲೆ ಇವರಿಗೆ ಊರಿನ ಚಿಂತಿ ಇಲ್ಲ."

ಸ್ಟ್ಯಾಂಡಿನ ಚಾಲಕರ ಜೊತೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಜಾವೀದನ ಕಿವಿ ಕೆಂಪಾದವು. ಎಂಟನೇ ಇಯತ್ತೆಗೆ ಶಾಲೆ ಬಿಟ್ಟು ಟಂಟಂ ಹಿಡಿದವನು ಅವನು. ಸೋಮಾರಿ ಎಂದು ಅಪ್ಪನೂ ಅಂದಿರಲಿಲ್ಲ.

"ಆದ್ರ ಒಂದು ಚುಕ್ಕಿ ಐತಿ," ಕುನಾಲನ ದನಿ ಏರಿತು. "ಏಳನೇ ನಂಬರ. ಕತ್ತಲಾಗೋತನಕ ಓಡೇ ಓಡತದ. ಹ್ಯಾಂಗ ದುಡೀಬೇಕು ಅನ್ನೋದು ತಿಳಿದವರು ಇವರೊಬ್ಬರs. ಯಾರ್ರಿ ಅವರು?"

ಸೆರಗು ಸರಿಪಡಿಸಿಕೊಂಡು ರೇಣುಕಾ ಎದ್ದು ನಿಂತಳು. ಗಂಡ ತುಕಾರಾಮ ಕಾಲು ಮುರಿದುಕೊಂಡು ಮಲಗಿದ ಮೇಲೆ ತಾನೇ ಲೈಸೆನ್ಸು ಮಾಡಿಸಿ ಅವನ ಗಾಡಿಯ ಹ್ಯಾಂಡಲ್ ಹಿಡಿದವಳು. ಚಪ್ಪಾಳೆ ಬಿತ್ತು.

"ನಾ ಹೇಳೇ ಹೇಳತೇನ್ರಿ ಸಾಹೇಬ್ರ ಇವರಿಗೆ," ಎಂದಳು. "ಸಂತಿ ದಿನ ಮಧ್ಯಾಹ್ನ ಆತಂದ್ರ ನಮ್ಮ ಸ್ಟ್ಯಾಂಡಿನ ಗಂಡಸರಿಗೆ ಎಲ್ಲಿಲ್ಲದ ನಿದ್ದಿ!"

ಸಭೆ ಗೊಳ್ಳೆಂದು ನಕ್ಕಿತು. ಜಾವೀದ ಎದ್ದೇ ಬಿಡುತ್ತಿದ್ದ. ಪಕ್ಕದ ಮುದುಕ ಮೌಲಾಸಾಬ ಅಂಗಿ ಹಿಡಿದು ಜಗ್ಗಿದ. "ಕುಂದರಲೇ. ನೀ ಬಾಯಿ ಬಿಟ್ಟರ ಆಕಿ ನಾಳಿಂದ ಗಾಡಿ ಮುಟ್ಟಂಗಿಲ್ಲ."

ಮುದುಕನ ಮಾತು ನಿಜ. ತಿಕೋಟಾ ಸ್ಟ್ಯಾಂಡಿನಲ್ಲಿ ಪಾಳಿ ಬಿಡುವುದು ಎಂಬ ಒಂದು ರೂಢಿ. ಯಾರ ಮನೆಯಲ್ಲಾದರೂ ತೊಂದರೆಯಾದರೆ ಉಳಿದವರು ತಮ್ಮ ಪಾಳಿ ಬಿಟ್ಟು ಗಿರಾಕಿಗಳನ್ನು ಆ ಮನೆಯ ಗಾಡಿಗೆ ಉಳಿಸುತ್ತಾರೆ. ಷರತ್ತು ಒಂದೇ, ಆ ಮನೆಯವರಿಗೆ ಗೊತ್ತಾಗಬಾರದು. ಜಾವೀದನ ಅಪ್ಪ ಹಾಸಿಗೆ ಹಿಡಿದ ವರ್ಷ ಹೀಗೆ ತನ್ನ ಗಾಡಿ ತುಂಬುತ್ತಿದ್ದಾಗ ಜಾವೀದನೂ ತಾನೇ ಭಾರಿ ಚಾಲಾಕಿ ಎಂದುಕೊಂಡು ಮೀಸೆ ತಿರುವಿದ್ದ. ತುಕಾರಾಮ ಬಿದ್ದಾಗ ಸ್ಟ್ಯಾಂಡಿನವರು ವಂತಿಗೆ ಎತ್ತಿಕೊಂಡು ಹೋದರೆ ರೇಣುಕಾ ಅಂಗಳದಿಂದಲೇ ವಾಪಸು ಕಳಿಸಿದ್ದಳು: "ನನ್ನ ಗಂಡನ ಕಾಲು ಮುರದೈತಿ, ನನ್ನ ಕೈ ಮುರದಿಲ್ಲ." ಅಂದಿನಿಂದ ಸಂತೆಯ ಸಂಜೆ ಅವಳದು. ಸಂತೆಯ ಮಂದಿಗೂ ಇದು ಗೊತ್ತಿತ್ತು. ಅವಳ ಗಾಡಿ ತಿರುಗಿ ಬರುವವರೆಗೆ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತ ಕಾಯುತ್ತಿದ್ದರು. ಗೊತ್ತಿಲ್ಲದವಳು ಅವಳೊಬ್ಬಳೇ.

ಕೊನೆಗೆ ಅಧಿಕಾರಿಯೊಬ್ಬರು ಎಚ್ಚರಿಕೆ ಕೊಟ್ಟರು. ಮುಂದಿನ ಸಂತೆಯಲ್ಲೂ ಚುಕ್ಕೆಗಳು ಹೀಗೇ ಆರಿದರೆ ಸಂಜೆಯ ದಾರಿ ಯಾವುದೋ ಕಂಪನಿಯ ಮಿನಿಬಸ್ಸುಗಳಿಗೆ.

ಜಾವೀದ ಅಂಗಿ ಕೊಸರಿಕೊಂಡು ಎದ್ದ. "ಬರಕೋರಿ ಸಾಹೇಬ್ರ! ತಿಕೋಟಾದವರು ಸೋಮಾರಿಗಳು ಅಂತ ದೊಡ್ಡ ಅಕ್ಷರದಾಗ ಬರಕೋರಿ. ನನ್ನ ಹೆಸರು ಮೊದಲ ಹಾಕ್ರಿ. ಆದ್ರ ಸ್ಟ್ಯಾಂಡ ಬಿಟ್ಟು ಒಂದು ಗೇಣು ಸರಿಯಂಗಿಲ್ಲ ನಾವು."

"ಬಾಯಿ ಮಾತ್ರ ಜೋರ," ರೇಣುಕಾ ಗೊಣಗಿದಳು.

ವಾಪಸು ಬರುವಾಗ ರೇಣುಕಾ ತನ್ನ ಗಾಡಿಯಲ್ಲಿ ಮುಂದೆ ಹೋದಳು; ಮೌಲಾಸಾಬ ಜಾವೀದನ ಗಾಡಿ ಹತ್ತಿದ. ತೊರವಿ ಊರು ದಾಟಿದ ಮೇಲೆ ಅಂದ, "ಓಡಸಿದ್ರ ಆಕಿ ಗಿರಾಕಿ ಒಡೀತಾವ. ಓಡಸದಿದ್ರ ಮಿನಿಬಸ್ ಬರತದ. ಈಗೇನ್ ಮಾಡತಿ?"

"ಚಾಚಾ, ಆ ಯಂತ್ರಕ್ಕ ಗಾಡಿ ಓಡೋದು ಕಾಣತದ. ಒಳಗ ಯಾರ ಕುಂತಾರ ಅನ್ನೋದು ಕಾಣತದೇನು?"

"ಖಾಲಿ ಓಡಸೋದಾ? ಡೀಸೆಲ್ ಯಾರ ಹಾಕತಾರಲೇ, ನಿಮ್ಮ ಮಾವಾ?"

"ನಂದು ನಾ ಹಾಕತೇನಿ. ಚುಕ್ಕಿ ಬೇಕಲ್ಲ ಅವನಿಗೆ? ಕಣ್ಣು ಕುಕ್ಕೂವಂಗ ತೋರಸೂಣು."

ಮುಂದಿನ ಸಂತೆಯ ಸಂಜೆ ತಿಕೋಟಾ ಸ್ಟ್ಯಾಂಡಿನ ಟಂಟಂಗಳೆಲ್ಲ ಖಾಲಿ ಹೊಟ್ಟೆಯಲ್ಲಿ ಗುಡುಗುತ್ತ ಬಬಲೇಶ್ವರದ ಕಡೆ ನುಗ್ಗಿದವು. ಹೊಸಬನೊಬ್ಬ ಕೈ ಮಾಡಿದರೆ ಜಾವೀದ, "ಗಾಡಿ ಕೆಟ್ಟೈತ್ರಿ!" ಎಂದು ಕೂಗುತ್ತ ಅವನೆದುರೇ ಭರ್ರೆಂದು ಹೋದ. ಕಟ್ಟೆಯ ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ದ್ರಾಕ್ಷಿ ತೋಟಗಳ ತಿರುವಿನಲ್ಲಿ ಒಂದು ತುಂಬಿದ ಗಾಡಿ ಅಡ್ಡ ನಿಂತಿತ್ತು. ಏಳನೇ ನಂಬರು. ಖಾಲಿ ಗಾಡಿಗಳು ಒಂದರ ಹಿಂದೊಂದು ತನ್ನನ್ನು ದಾಟಿ ಹೋದದ್ದನ್ನು ಕಂಡು ರೇಣುಕಾ ರಸ್ತೆಗೆ ಇಳಿದಿದ್ದಳು.

"ಎಲ್ಲಿಗೆ ಹೊಂಟೀಲೇ?" ಎಂದು ಜಾವೀದನ ಗಾಡಿಯನ್ನು ತಡೆದಳು.

"ಬಬಲೇಶ್ವರಕ್ಕ, ವೈನಿ."

"ಏನ್ ಹೇರಕೊಂಡು?"

ಜಾವೀದ ಹಿಂದಿನ ಸೀಟಿನ ಕಡೆ ತಿರುಗಿ ನೋಡಿದ. "ಗಾಳಿ."

ಅವಳ ಗಾಡಿಯಲ್ಲಿದ್ದ ಮುದುಕಿ ಸಾವಂತ್ರವ್ವ ತಡೆಯದೆ ಅಂದಳು, "ಅವಗ ಯಾಕ ಬೈತೀ ನನ್ನವ್ವಾ. ನಾವೆಲ್ಲಾ ಇಷ್ಟು ದಿನಾ ನಿನ್ನ ಗಾಡೀನs ಕಾಯತಿದ್ದಿವಿ. ಅವರು ನಿನಗಂತ ಪಾಳಿ ಬಿಡತಿದ್ದರು."

ರೇಣುಕಾಳ ಮುಖ ಬಿಳಿಚಿಕೊಂಡಿತು. ಮರುಕ್ಷಣವೇ ಕೆಂಪೇರಿತು. "ಮಂದ್ಯಾಗ ಎದ್ದು ನಿಂತು ಚಪ್ಪಾಳಿ ಹೊಡಿಸಿಕೊಂಡೆನಲ್ಲೋ ನಾನು! ನಿಮಗ ಸೋಮಾರಿ ಅಂದೆ. ಆವಾಗರೆ ಹೇಳಬಾರದಾ?"

"ಹೇಳಿದ್ದರ ಗಾಡಿ ಮಾರತಿದ್ರಿ ನೀವು."

"ಮಾರತಿದ್ದೆ!" ಅವಳು ತನ್ನ ಗಾಡಿಯ ತಗಡಿಗೆ ಗುದ್ದಿದಳು. ಒಳಗಿನ ಮಂದಿ ಬೆಚ್ಚಿದರು. ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡು ತಿರುಗಿ ನಿಂತಳು. "ಅರ್ಧ ಮಂದಿ ಇಳೀರಿ. ಅವನ ಗಾಡಿ ಹತ್ರಿ."

"ಬ್ಯಾಡ ವೈನಿ, ನಿಮ್ಮ ಗಿರಾಕಿ..."

"ಬಾಯಿ ಮುಚ್ಚು. ನನಗ ಬಿಟ್ಟ ಪಾಳಿ ನಾ ಯಾರಿಗೆ ಬೇಕಾದ್ರೂ ಬಿಡತೇನಿ. ನಾಳಿಂದ ನನ್ನ ಗಾಡಿ ಎಲ್ಲಾರ ಹಂಗ ಸಾಲಿನ್ಯಾಗ ನಿಲ್ಲತದ. ಯಾವನರೆ ಪಾಳಿ ಬಿಟ್ಟಾನಂದ್ರ ಅವನ ಗಾಡಿಗೆ ಗಾಲಿ ಉಳಿಯಂಗಿಲ್ಲ, ನೆನಪಿಟ್ಟಿರು."

ಮಂದಿ ಗಂಟುಗಳನ್ನು ಹೊತ್ತು ಇಳಿದು ಹತ್ತುತ್ತಿದ್ದಾಗ ಜಾವೀದನ ಫೋನು ರಿಂಗಾಯಿತು. ಕುನಾಲ. ಅವನ ಹಿಗ್ಗು ಎಲ್ಲರಿಗೂ ಕೇಳಿಸುವಷ್ಟಿತ್ತು. "ಭಾಳ ಛಲೋ ಆತ್ರಿ! ಎಲ್ಲಾ ಚುಕ್ಕಿ ಓಡಾಕತ್ತಾವ. ತಿಳಿಸಿ ಹೇಳಿದ್ರ ಮಂದಿ ಸುಧಾರಿಸತಾರ ಅಂತ ನಾ ಹೇಳಿದ್ದೆ. ಮಿನಿಬಸ್ ಮಾತು ನಿಂತಂಗs. ಆದ್ರ ನೀವೂ ಏಳನೇ ನಂಬರೂ ನಡುರಸ್ತ್ಯಾಗ ಯಾಕ ನಿಂತೀರಿ? ಏನ್ ಮಾಡಾಕತ್ತೀರಿ?"

ಜಾವೀದ ನಾಲಿಗೆಯ ತುದಿಗೆ ಬಂದ ಬೈಗುಳವನ್ನು ಬಿಡುವ ಮೊದಲೇ ರೇಣುಕಾ ಫೋನು ಕಿತ್ತುಕೊಂಡಳು.

"ಊರಿನ ಚಿಂತಿ ಮಾಡಾಕತ್ತೇವ್ರಿ," ಎಂದು ಫೋನು ಕಟ್ ಮಾಡಿ ಜಾವೀದನ ಕೈಗೆ ಒಗೆದು, ತನ್ನ ಗಾಡಿ ಚಾಲೂ ಮಾಡಿದಳು.