ಹೊರಗೆ ಕೂತವಳ ವಿಡಿಯೋ ಗೇಮ್

ಹದಿಮೂರರ ಅಭಿಜ್ಞಾಳಿಗೆ ತಿಂಗಳ ಆ ಮೂರು ದಿನ ಬಂತೆಂದರೆ ಹಬ್ಬ. ಹೊರಜಗಲಿಯ ಮೂಲೆ, ಒಂದು ಚಾಪೆ, ದೂರದಿಂದ ಬಡಿಸುವ ಅನ್ನ. ಅವಳು ಮುಟ್ಟಿದ್ದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಇದನ್ನು ಒಳ್ಳೆಯ ಪದ್ಧತಿ ಎನ್ನುವವರು ಒಮ್ಮೆ ತಾವೇ ಹೊರಗೆ ಕೂತು ನೋಡಲಿ. ಆದರೆ ಸಿದ್ದಾಪುರದ ಆ ಮನೆಯಲ್ಲಿ ಇದ್ದದ್ದು ಒಂದೇ ವಿಡಿಯೋ ಗೇಮ್. ಅಂಗೈಯಗಲದ್ದು, ಮೇಲಿಂದ ಇಟ್ಟಿಗೆ ಬೀಳುವಂಥದ್ದು. ಅದನ್ನು ತಮ್ಮ ಚಿರಂತನ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಹೊರಗಾದ ಕೂಡಲೇ ಅಭಿಜ್ಞಾ ಮಾಡುತ್ತಿದ್ದ ಮೊದಲ ಕೆಲಸ ಓಡಿಹೋಗಿ ಅದನ್ನು ಮುಟ್ಟುವುದು.

“ಕೊಡೇ ಅಕ್ಕಾ!” ಎಂದು ಅವನು ಅಂಗಳದಲ್ಲಿ ಕುಣಿಯುತ್ತಿದ್ದ.

“ಆನು ಇದ್ನ ಮುಟ್ಟಿ ಆತು. ಬೇಕಾದ್ರೆ ಬಂದು ತಗ, ಆಮೇಲೆ ಅಜ್ಜಿ ತಣ್ಣೀರು ಹೊಯ್ತು ನೋಡು!”

ಮಡಿಯ ವಿಷಯದಲ್ಲಿ ಅಜ್ಜಿ ಸೀತಮ್ಮ ಯಾರ ಮುಖವನ್ನೂ ನೋಡುವವಳಲ್ಲ. ಒಂದು ಸಲವಂತೂ ನಾಲ್ಕನೇ ದಿನ ಚಾಪೆ, ಬಟ್ಟೆಯ ಜೊತೆ ವಿಡಿಯೋ ಗೇಮನ್ನೂ ಬಕೆಟ್ಟಿನಲ್ಲಿ ಅದ್ದಿ ಶುದ್ಧ ಮಾಡಿಬಿಟ್ಟಳು. ಅದು ಕುಂಯ್ ಎಂದು ಪ್ರಾಣ ಬಿಟ್ಟಿತು. ಚಿರಂತನ ಬಹಳ ದಿನ ಅಜ್ಜಿಯ ಜೊತೆ ಮಾತು ಬಿಟ್ಟಿದ್ದ.

ಎಲ್ಲ ಹಳೆಯ ಮಾತು. ಈಗ ಅಭಿಜ್ಞಾ ಯಲ್ಲಾಪುರದ ಸೊಸೆ, ಅಲ್ಲಿನ ಶಾಲೆಯಲ್ಲಿ ಟೀಚರು. ಆ ಮನೆಯಲ್ಲಿ ಹೊರಗೆ ಕೂರುವುದಿಲ್ಲ, ಪುಣ್ಯ. ಒಂದು ಗಳಿಗೆ ಸುಮ್ಮನೆ ಕೂರುವುದೂ ಇಲ್ಲ. ಅಡುಗೆ, ಶಾಲೆ, ಮತ್ತೆ ಅಡುಗೆ. ಅಜ್ಜನ ತಿಥಿಗೆಂದು ರಜೆ ಹಾಕಿ ತವರಿಗೆ ಹೊರಟವಳು ಶಿರಸಿಯಲ್ಲಿ ಬಸ್ಸು ಬದಲಿಸುವಾಗ ಅಂಗಡಿಯೊಂದರಲ್ಲಿ ಅಂಥದ್ದೇ ಗೇಮ್ ಕಂಡಳು. ಹಿಂದುಮುಂದು ನೋಡದೆ ಕೊಂಡಳು.

ಬಸ್ಸಿನಲ್ಲಿ ಆಡಿದಳು. ಬೆರಳು ಏನನ್ನೂ ಮರೆತಿರಲಿಲ್ಲ, ಸಾಲಿನ ಮೇಲೆ ಸಾಲು ತುಂಬುತ್ತಲೇ ಹೋಯಿತು. ಖುಷಿ ಮಾತ್ರ ಬರಲಿಲ್ಲ. ತಲೆಯ ತುಂಬ ತಿದ್ದದ ಉತ್ತರಪತ್ರಿಕೆ, ಊರಿಗೆ ಹೋದ ಮೇಲೆ ತುರಿಯಬೇಕಾದ ತೆಂಗಿನಕಾಯಿ. ಇಷ್ಟು ಬೇಗ ತಾನು ಒಣಗಿಹೋದೆನೇ ಎಂದು ಅವಳಿಗೆ ಅಳು ಬಂತು.

ಅಂಗಳಕ್ಕೆ ಕಾಲಿಡುವಾಗ ಅಜ್ಜಿ ಮೆಟ್ಟಿಲ ಮೇಲೆ ಕೂತಿದ್ದಳು. ಮೊಮ್ಮಗಳ ಮುಖ ನೋಡಿದಳು, ಕೈಯಲ್ಲಿದ್ದದ್ದನ್ನು ನೋಡಿದಳು.

“ಅಲ್ಲೇ ನಿಂತ್ಕ!” ಎಂದವಳೇ ಒಳಗೆ ತಿರುಗಿ ಕೂಗಿದಳು: “ಕೂಸು ಹೊರಗಾಜು! ಯಾರೂ ಮುಟ್ಟಡಿ, ಎಂತ ಕೆಲಸಾನೂ ಹೇಳಡಿ!”

“ಅಜ್ಜೀ, ಯಂಗೆ ಎಂತದೂ ಆಜಿಲ್ಲೆ...”

“ಸುಮ್ಮಂಗಿರು,” ಅಜ್ಜಿ ದನಿ ತಗ್ಗಿಸಿದಳು. “ಹೋಗು, ಆಡು.”

ಹುಟ್ಟಿದಾಗಿನಿಂದ ಮಡಿ ಮಡಿ ಎಂದು ಮನೆಮಂದಿಯ ಜೀವ ತಿಂದವಳು, ಗಂಡನ ತಿಥಿಯ ದಿನವೇ ಇಂಥ ಹಸಿ ಸುಳ್ಳು! ಅಭಿಜ್ಞಾ ಬೆಪ್ಪಾಗಿ ಹೋಗಿ ಮೂಲೆಯಲ್ಲಿ ಕೂತಳು. ಒಳಗೆ ಪಾತ್ರೆಗಳ ಗಲಾಟೆ, ವಡೆ ಕರಿಯುವ ಪರಿಮಳ. ಯಾರೂ ಅವಳನ್ನು ಕರೆಯಲಿಲ್ಲ. ಆಟ ಶುರು ಮಾಡಿದಳು. ಇಟ್ಟಿಗೆ ಬೀಳುತ್ತಿದ್ದಂತೆ ಕಣ್ಣು ಎಳೆದುಕೊಂಡು ಹೋಯಿತು.

ಎಚ್ಚರವಾದಾಗ ಭಟ್ಟರು ಉಂಡು ಹೋಗಿಯಾಗಿತ್ತು. ಅವಳ ತಲೆ ಅಜ್ಜಿಯ ತೊಡೆಯ ಮೇಲಿತ್ತು. ಹದಿಮೂರರಲ್ಲಿ ಈ ಮೂಲೆಯಲ್ಲಿ ಕೂತಾಗ ಅಜ್ಜಿಯ ಸೆರಗು ಕೂಡ ಅವಳಿಗೆ ಸೋಕಿರಲಿಲ್ಲ. ಈಗ ಅಜ್ಜಿ ಎರಡೂ ಕೈಯಲ್ಲಿ ಗೇಮ್ ಹಿಡಿದು ಸಿಕ್ಕಸಿಕ್ಕ ಗುಂಡಿ ಒತ್ತುತ್ತ ಅದರ ಜೊತೆ ಜಗಳಕ್ಕೆ ಇಳಿದಿದ್ದಳು.

“ಅತ್ಲಾಗೆ ಹೋಗಾ... ಛೀ, ಮತ್ತೆ ಇಲ್ಲೇ ಬಿತ್ತು.”

ತಿರುಗಿಸುವ ಗುಂಡಿ ಯಾವುದೆಂದು ಹೇಳಬಹುದಿತ್ತು. ಹೇಳಿದರೆ ಅಜ್ಜಿ ಎದ್ದುಬಿಟ್ಟಾಳೆಂದು ಅಭಿಜ್ಞಾ ಕಣ್ಣು ಮುಚ್ಚಿಯೇ ಮಲಗಿದಳು. ತಲೆಯ ಮೇಲೆ ಇಟ್ಟಿಗೆಗಳು ಅಡ್ಡಾದಿಡ್ಡಿ ಬೀಳುವ ಸದ್ದು ಕೇಳುತ್ತಿತ್ತು. ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ನಗು ತಡೆಯಲು ತುಟಿ ಕಚ್ಚಬೇಕಾಯಿತು.

ಆಟ ಮುಗಿದ ರಾಗ ಬಂತು.

“ನಿಂಗೆ ಎಚ್ಚರಾಜು ಹೇಳಿ ಗೊತ್ತಿದ್ದು,” ಅಜ್ಜಿ ಎಂದಳು. “ಇನ್ನೊಂದ್ಸಲ ಶುರು ಮಾಡಿಕೊಡು.”

ಅಭಿಜ್ಞಾ ಮಲಗಿದಲ್ಲಿಂದಲೇ ಕೈ ಚಾಚಿ ಗುಂಡಿ ಒತ್ತಿ, ಗೇಮನ್ನು ಅಜ್ಜಿಯ ಕೈಯಲ್ಲೇ ಬಿಟ್ಟಳು.