ಕಾಗದದ ಮೇಲಿನ ಎಣ್ಣೆ ಗೆರೆ

ಗಾಳಿಗೆ ಮರ ಉರುಳಿ ದಾರಿ ಕಟ್ಟಿದರೆ ಎಲ್ಲರಿಗೂ ಮೊದಲು ನೆನಪಾಗುತ್ತಿದ್ದವರು ಆ ಅಣ್ಣತಮ್ಮಂದಿರು. ಅಣ್ಣ ಮರ ಕೊಯ್ಯುವ ಮಿಷನ್ ಹಿಡಿಯುತ್ತಿದ್ದ. ತಮ್ಮ ಎಣ್ಣೆ ಹೊಯ್ಯುತ್ತಿದ್ದ. ಈಗ ಅಣ್ಣ ಇಲ್ಲ. ಕಳೆದ ಮಳೆಗಾಲದಲ್ಲಿ ದಪ್ಪನೆಯ ಬೊಡ್ಡೆ ಕೊಯ್ಯುವಾಗ ಚೈನು ತುಂಡಾಗಿ ಅದರ ತುದಿ ಅವನ ತೊಡೆಗೆ ಬಡಿಯಿತು. ಗಾಡಿ ಬರುವಷ್ಟರಲ್ಲಿ ಮೈಯಲ್ಲಿ ರಕ್ತ ಉಳಿದಿರಲಿಲ್ಲ. ನೋಡಲು ಬಂದವರು ಹಣೆಬರಹ ಎಂದರು, ಚಪ್ಪಲಿ ಮೆಟ್ಟಿಕೊಂಡು ಹೋದರು.

ಎಣ್ಣೆ ಹೊಯ್ಯುವುದೆಂದರೇನು ಎಂದು ಈ ಕೆಲಸ ತಿಳಿಯದವರಿಗೆ ಹೇಳಬೇಕು. ಮಿಷನ್ನಿನಲ್ಲಿ ಹಲ್ಲಿನ ಚೈನು ಒಂದು ಉದ್ದನೆಯ ಉಕ್ಕಿನ ಪಟ್ಟಿಯ ಸುತ್ತ ಓಡುತ್ತದೆ. ಪಟ್ಟಿಯ ಅಂಚಿನಲ್ಲಿ ಕಿರಿದಾದ ಸೀಳಿದೆ, ಚೈನು ಕೂರುವುದು ಅದರೊಳಗೆ. ಆ ಸೀಳಿಗೆ ಎಣ್ಣೆ ತಾನಾಗಿ ಹರಿದು ಬರಲೆಂದು ಮಿಷನ್ನಿನ ಹೊಟ್ಟೆಯಲ್ಲೇ ಟ್ಯಾಂಕು, ಪಂಪು, ಮತ್ತೆ ಗೇಣುದ್ದವೂ ಇಲ್ಲದ ಒಂದು ರಬ್ಬರ್ ಪೈಪು ಇರುತ್ತವೆ. ಇವರ ಮಿಷನ್ನಿನಲ್ಲಿ ಆ ಪೈಪು ಬಿರುಕು ಬಿಟ್ಟು ಬಹಳ ಕಾಲವಾಗಿತ್ತು. ಹಾಗಾಗಿ ತಮ್ಮನು ಬಾಟಲಿಯ ಮುಚ್ಚಳಕ್ಕೆ ತೂತು ಕೊರೆದು, ಪಕ್ಕದಲ್ಲಿ ನಿಂತು, ಓಡುವ ಚೈನಿನ ಮೇಲೆ ಎಣ್ಣೆ ಚಿಮುಕಿಸುತ್ತಿದ್ದ. ಆ ಕಡೆ ಮರ ಕೊಯ್ಯುವವರೆಲ್ಲ ಮಾಡುತ್ತಿದ್ದುದು ಹೀಗೆಯೇ. ಅದು ಕೆಟ್ಟುಹೋದ ಮಿಷನ್ನಿನ ಗುರುತು ಎಂದು ಯಾರಿಗೂ ಅನ್ನಿಸಿರಲಿಲ್ಲ. ಅದೂ ಒಂದು ಕೆಲಸ ಎಂದೇ ತಿಳಿದಿದ್ದರು.

ಮಳೆಗಾಲ ಕಳೆದ ಮೇಲೆ ತಮ್ಮ ಆ ಮಿಷನ್ ಹೊತ್ತು ಗ್ರೀಸ್ ಮಾವನ ಶೆಡ್ಡಿಗೆ ಬಂದ. ಗ್ರೀಸ್ ಮಾವ ಯಾರಿಗೂ ನಿಜವಾದ ಮಾವನಲ್ಲ. ಮೊದಲು ತಾನೂ ಮರ ಕೊಯ್ಯುತ್ತಿದ್ದವನು, ಮಂಡಿ ಸೋತ ಮೇಲೆ ರಿಪೇರಿಗೆ ಕೂತವನು. ಮದುವೆ ಮನೆಗೆ ಬಂದರೂ ಅಂಗಿಯ ಕಾಲರಿನಲ್ಲಿ ಗ್ರೀಸ್ ಇರುತ್ತಿತ್ತು. ಇಬ್ಬರೂ ಮಿಷನ್ ಪೂರ್ತಿ ಬಿಚ್ಚಿದರು. ಮುಚ್ಚಳದಡಿ ಗಟ್ಟಿಯಾಗಿದ್ದ ಮರದ ಹೊಟ್ಟನ್ನು ಸ್ಕ್ರೂಡ್ರೈವರಿನಿಂದ ಕೆರೆದರು. ಪಿಸ್ಟನ್ನಿಗೆ ಹೊಸ ರಿಂಗ್ ಕೂರಿಸಿದರು, ಕಾರ್ಬುರೇಟರ್ ತೊಳೆದರು. ಅತ್ತಿಗೆ ದಿನಾ ಮಧ್ಯಾಹ್ನ ಹೊಲಿಗೆ ಕೆಲಸ ಬಿಟ್ಟು ಮೈದುನನಿಗೆ ಊಟ ತರುತ್ತಿದ್ದಳು. ಬೋರಲು ಹಾಕಿದ ಡಬ್ಬದ ಮೇಲೆ ಕೂತು, ಬಟ್ಟೆ ಕತ್ತರಿಸಲು ಬೇಕಾದ ಕಾಗದದ ಅಳತೆಗಳನ್ನು ತೊಡೆಯ ಮೇಲಿಟ್ಟು ಕತ್ತರಿಸುತ್ತಿದ್ದಳು. ಮಿಷನ್ನಿನ ಕಡೆ ನೋಡುತ್ತಿರಲಿಲ್ಲ.

ಆ ದಿನ ಇಂಜಿನ್ ಸ್ಟಾರ್ಟ್ ಆಯಿತು. ತಮ್ಮನ ಮುಖದಲ್ಲಿ ನಗು ಬಂತು. ಉಳಿದಿದ್ದು ಎಣ್ಣೆಯ ಪೈಪು ಮಾತ್ರ. ಮಾವ ತರಿಸಿದ್ದ ಹೊಸ ಪೈಪು ಟ್ಯಾಂಕಿನ ತೂತಿನೊಳಗೆ ಹೋಗಲೊಲ್ಲದು. ತಮ್ಮ ಒತ್ತಿದ, ತಿರುಚಿದ, ಬೈದ. ಮರುದಿನ ಯಾರದೋ ಗೋಡೆಗೆ ಒರಗಿದ್ದ ಮರ ಕೊಯ್ಯಲು ಒಪ್ಪಿಕೊಂಡಿದ್ದ.

"ಬಿಡಿ ಮಾವ. ಕೈಯಲ್ಲಿ ಹೊಯ್ದರಾಯ್ತು. ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಹೋಗ್ತೀನಿ," ಎಂದ.

ಅತ್ತಿಗೆಯ ಕತ್ತರಿ ನಿಂತಿತು.

ಮಾವ ಹಳೆಯ ಉಕ್ಕಿನ ಪಟ್ಟಿಯನ್ನು ಒರೆಸಿ ಬಿಸಿಲಿಗೆ ಹಿಡಿದ. ಅಂಚಿನುದ್ದಕ್ಕೂ ಅದು ನೀಲಿ ಬಣ್ಣಕ್ಕೆ ತಿರುಗಿತ್ತು.

"ಇದೇನು ಹೇಳು?"

"ಕಲೆ."

"ಕಲೆ ಅಲ್ಲಪ್ಪ, ಸುಟ್ಟಿದ್ದು. ಎಣ್ಣೆ ಇಲ್ಲದೆ ಕಾದು ಕಾದು ಉಕ್ಕು ನೀಲಿಗಟ್ಟಿದೆ."

ಮೇಲಿನಿಂದ ಹೊಯ್ದ ಎಣ್ಣೆಯನ್ನು ಓಡುವ ಚೈನು ಆಚೆ ಎರಚಿಬಿಡುತ್ತದೆ, ಸೀಳಿನೊಳಗೆ ಇಳಿಯುವುದು ನಾಲ್ಕು ಹನಿ ಎಂದು ಮಾವ ಬಿಡಿಸಿ ಹೇಳಿದ. ಪಟ್ಟಿ ಪೂರ್ತಿ ಬೊಡ್ಡೆಯೊಳಗೆ ಹೂತಾಗ ಹೊಯ್ಯಲು ಜಾಗವೇ ಇರುವುದಿಲ್ಲ. ಒಣಗಿದ ಚೈನು ಕಾಯುತ್ತದೆ, ಸಡಿಲವಾಗುತ್ತದೆ, ಕೊನೆಗೆ ತುಂಡಾಗುತ್ತದೆ. ತುಂಡಾದ ಚೈನನ್ನು ಹಿಡಿದು ನಿಲ್ಲಿಸಲು ಕೆಳಗೆ ಒಂದು ಸಣ್ಣ ಕೊಕ್ಕೆ ಇರಬೇಕು. ಇವರ ಮಿಷನ್ನಿನಲ್ಲಿ ಅದೂ ಮುರಿದು ಬಿದ್ದಿತ್ತು. ಮಾವ ಹೊಸದನ್ನು ಹಾಕಿದ್ದು ಹಿಂದಿನ ದಿನವಷ್ಟೇ.

ತಮ್ಮ ಸ್ಪ್ಯಾನರನ್ನು ನೆಲಕ್ಕೆ ಬಿಟ್ಟ.

"ಅಂದ್ರೆ ನಾನು ಸರಿಯಾಗಿ ಹೊಯ್ಲಿಲ್ಲ ಅಂತೀರಾ? ಪಕ್ಕದಲ್ಲೇ ನಿಂತಿದ್ದೆ ಮಾವ. ಕಣ್ಣು ಮಿಟುಕಿಸದೆ ಹೊಯ್ತಾ ಇದ್ದೆ."

ಉತ್ತರ ಕೊಟ್ಟವಳು ಅತ್ತಿಗೆ.

"ನೀನು ಸರಿಯಾಗೇ ಹೊಯ್ದೆ ಕಣೋ. ಕೈಯಲ್ಲಿ ಹೊಯ್ಯೋ ಹಂಗೆ ಮಿಷನ್ ಇಟ್ಕೊಂಡಿದ್ದೇ ತಪ್ಪು."

ಅವಳು ಚೀಲದಿಂದ ಒಂದು ಪೈಪು ತೆಗೆದಳು. ಅಂಗಡಿಯ ಚೀಟಿ ಇನ್ನೂ ಅಂಟಿತ್ತು. ಗಂಡ ತಂದು ಒಲೆಯ ಪಕ್ಕದ ಮೊಳೆಗೆ ನೇತುಹಾಕಿದ್ದು. ಹಾಕಿಸಿ ಎಂದಾಗಲೆಲ್ಲ ಈ ಮರ ಒಂದು ಮುಗಿಯಲಿ ಎನ್ನುತ್ತಿದ್ದ. ಆ ಮರ ಮುಗಿದರೆ ಇನ್ನೊಂದು. ಬೈಸಿಕೊಂಡು ಸಾಕಾಗಿ ಅವಳು ಹೇಳುವುದನ್ನು ಬಿಟ್ಟಿದ್ದಳು.

"ಈಗಲಾದ್ರೂ ಉಪಯೋಗಕ್ಕೆ ಬರುತ್ತಾ ಅಂತ ತಂದೆ," ಎಂದಳು.

ತಮ್ಮ ಅದನ್ನು ತೆಗೆದುಕೊಂಡು ಬಗ್ಗಿಸಿದ. ಒಲೆಯ ಕಾವಿಗೆ ಒಣಗಿದ್ದ ರಬ್ಬರು ಚಟ್ಟನೆ ಎರಡಾಯಿತು. ಅತ್ತಿಗೆ ಎರಡೂ ತುಂಡುಗಳನ್ನು ಚೀಲಕ್ಕೆ ಹಾಕಿಕೊಂಡಳು.

ಆಮೇಲೆ ತಮ್ಮನೇ ಮಾವ ತರಿಸಿದ್ದ ಹೊಸ ಪೈಪನ್ನು ಮತ್ತೆ ಕೈಗೆತ್ತಿಕೊಂಡ. "ತೋರಿಸಿ ಮಾವ," ಎಂದ.

ಮಾವ ಹೇಳಿದಂತೆ ಅವನು ಪೈಪಿನ ತುದಿಯನ್ನು ಓರೆಯಾಗಿ ಕತ್ತರಿಸಿದ, ಎಣ್ಣೆ ಸವರಿದ, ಚೂಪು ಮೂತಿಯನ್ನು ಪಂಪಿನ ಕಡೆಯಿಂದ ತೂತಿಗೆ ತೂರಿಸಿದ. ಟ್ಯಾಂಕಿನ ಬಾಯೊಳಗೆ ಉದ್ದ ಮೂತಿಯ ಇಕ್ಕಳ ಇಳಿಸಿ, ಪೈಪಿನ ಕೊರಳು ತೂತಿನಲ್ಲಿ ಕಚ್ಚಿ ಕೂರುವವರೆಗೆ ಎಳೆದ. ಓರೆ ತುದಿಯನ್ನು ನೇರವಾಗಿ ಕತ್ತರಿಸಿ ಅದಕ್ಕೆ ಫಿಲ್ಟರ್ ಸಿಕ್ಕಿಸಿದ. ಇನ್ನೊಂದು ತುದಿಯನ್ನು ಪಂಪಿಗೆ ಜೋಡಿಸಿದ. ಫಿಲ್ಟರ್ ಟ್ಯಾಂಕಿನ ತಳ ಮುಟ್ಟಿತೇ ಎಂದು ಮಿಷನ್ ಅಲ್ಲಾಡಿಸಿ ಕಿವಿಗೊಟ್ಟ. ಅತ್ತಿಗೆ ತಂದಿದ್ದ ಟೀ ಆರುವಷ್ಟರಲ್ಲಿ ಕೆಲಸ ಮುಗಿಯಿತು.

ಹೊಸ ಪಟ್ಟಿ, ಹೊಸ ಚೈನು ಹಾಕಿ, ಟ್ಯಾಂಕಿಗೆ ಎಣ್ಣೆ ತುಂಬಿದರು. ಪರೀಕ್ಷೆ ಮಾಡಲು ಏನಾದರೂ ಬಿಳಿಯದು ಬೇಕು ಎಂದ ಮಾವ. ಅತ್ತಿಗೆ ತನ್ನ ಅಳತೆ ಕಾಗದದಲ್ಲಿ ಒಂದು ಹಾಳೆ ಹರಿದು ನೆಲಕ್ಕೆ ಹಾಸಿ ಮೂಲೆಗಳ ಮೇಲೆ ಕಲ್ಲಿಟ್ಟಳು. ತಮ್ಮ ಇಂಜಿನ್ ಎಬ್ಬಿಸಿ, ಪಟ್ಟಿಯ ತುದಿಯನ್ನು ಮುಟ್ಟದಂತೆ ಕಾಗದದ ಮೇಲೆ ಹಿಡಿದ. ಮೊದಲು ಏನೂ ಬರಲಿಲ್ಲ. ಆಮೇಲೆ ಒಂದೆರಡು ಚುಕ್ಕೆ. ಆಮೇಲೆ ಸಣ್ಣಗೆ, ಬಿಡದೆ, ಒಂದು ಎಣ್ಣೆ ಗೆರೆ.

ತಮ್ಮ ಇಂಜಿನ್ ಆರಿಸಿದ.

"ಇಷ್ಟೇನಾ?" ಎಂದಳು ಅತ್ತಿಗೆ.

"ಇಷ್ಟೇ ಕಣಮ್ಮ," ಎಂದ ಮಾವ.

ಮುಚ್ಚಳಕ್ಕೆ ತೂತು ಕೊರೆದಿದ್ದ ಬಾಟಲಿಯನ್ನು ತಮ್ಮನು ಹಲಗೆಯ ಮೇಲಿಂದ ತೆಗೆದು ಗುಜರಿ ಡಬ್ಬಕ್ಕೆ ಹಾಕಿದ.

ಮರುದಿನ ಬೆಳಿಗ್ಗೆ ಅವನು ಅಂಗಳದಲ್ಲಿ ಕಾಗದ ಹಾಸಿ, ಗೆರೆ ಬಿದ್ದ ಮೇಲೆಯೇ ಹೊರಟ. ಅತ್ತಿಗೆ ಹೋಗಬೇಡ ಎನ್ನಲಿಲ್ಲ. ಆದರೆ ಅವನು ಸಂಜೆ ಬಂದು ಚಪ್ಪಲಿ ಬಿಡುವವರೆಗೆ ಅವಳ ಹೊಲಿಗೆ ಯಂತ್ರದ ಸದ್ದು ಕೇಳಲಿಲ್ಲ. ಈಗಲೂ ದಿನಾ ಹಾಗೆಯೇ.

ಮರ ಕೊಯ್ಯುವ ಅಣ್ಣತಮ್ಮಂದಿರೇ, ನಾಳೆ ಹೊರಡುವ ಮೊದಲು ನೀವೂ ಒಂದು ಕಾಗದ ಹಾಸಿ ನೋಡಿ. ಗೆರೆ ಬಿದ್ದರೆ ಕೆಲಸಕ್ಕೆ ಹೋಗಿ. ಬೀಳದಿದ್ದರೆ ಮಿಷನ್ ಕೆಳಗಿಡಿ, ಪೈಪು ಹಾಕಿಸಿ. ಕೈಯಲ್ಲಿ ಎಣ್ಣೆ ಹೊಯ್ಯಬೇಡಿ, ಹೊಯ್ಯಿಸಲೂಬೇಡಿ. ಕೆಳಗಿನ ಕೊಕ್ಕೆ ಇದೆಯೇ ಎಂದು ಮುಟ್ಟಿ ನೋಡಿ. ಮನೆಯಲ್ಲಿ ಇರುವವರೇ, ನಿಮ್ಮ ಮೊಳೆಯಲ್ಲಿ ಏನು ನೇತಾಡುತ್ತಿದೆ ಎಂದು ಇವತ್ತೇ ನೋಡಿ. ಹಾಕಿಸಿ ಎಂದು ಹೇಳಿ. ಬೈಸಿಕೊಂಡರೂ ಹೇಳುವುದನ್ನು ಬಿಡಬೇಡಿ. ಹಣೆಬರಹ ಎನ್ನುವವರು ಆಮೇಲೆ ಹೇಗೂ ಬರುತ್ತಾರೆ. ಅವರು ಬರುವ ಮೊದಲು ಮಾಡುವ ಕೆಲಸ ಇದು.