ಹೊರಟವಳು ಎಲ್ಲಿರುತ್ತಾಳೆ

ಹದಿನೇಳನೇ ಡಬ್ಬಿಗೆ ಹುಳಿ ತುಂಬಿ, ಮುಚ್ಚಳದ ಮೇಲೆ ‘ಬೀನ್ಸ್’ ಎಂದು ಬರೆದು ಅನಸೂಯಾ ಫ್ರೀಜರ್ ತೆರೆದಳು. ಜಾಗವಿರಲಿಲ್ಲ. ಬಟಾಣಿ ಪ್ಯಾಕೆಟ್ಟನ್ನು ಮೂಲೆಗೆ ತಳ್ಳಿ ಹೇಗೋ ತುರುಕಿದಳು.

ನಾಳೆ, ಬುಧವಾರ ಬೆಳಿಗ್ಗೆ ಸಿಡ್ನಿಯಿಂದ ಮೆಲ್ಬರ್ನ್‌ಗೆ ವಿಮಾನ. ಮೂರು ದಿನದ ಸೆಮಿನಾರು. ಅಲ್ಲಿನ ವಿಶ್ವವಿದ್ಯಾಲಯ ಅವಳಿಗೆ ಪಿಎಚ್‌ಡಿ ಸೀಟನ್ನೂ ಕೊಟ್ಟಿತ್ತು. ವಿಷಯ: ಮಧ್ಯಯುಗದ ಇಸ್ಲಾಮಿಕ್ ತತ್ವಶಾಸ್ತ್ರದಲ್ಲಿ ಚಲನೆ. ಸೇರಿದರೆ ಮೂರು ವರ್ಷ ಅಲ್ಲೇ ಇರಬೇಕು. ಒಪ್ಪಿಗೆ ಹೇಳಲು ಶುಕ್ರವಾರ ಕೊನೆಯ ದಿನ. ಸಿಡ್ನಿಯ ನಾರ್ವೆಸ್ಟ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಲೇ ಸಂಜೆಗಳಲ್ಲಿ ಅರೇಬಿಕ್ ಕಲಿತವಳು ಅವಳು. ಗಂಡ ಗಿರೀಶ “ಆಮೇಲೆ ನೋಡೋಣ” ಅಂದಿದ್ದ. ಅವರ ಮನೆಯಲ್ಲಿ ಹಾಗೆಂದರೆ ಬೇಡ ಎಂದರ್ಥ.

ನೀರಿಗೆ ಬಂದ ಗಿರೀಶ ಫ್ರೀಜರಿನೊಳಗೆ ಇಣುಕಿದ. “ಏನೇ ಇದು, ಮೂರು ದಿನಕ್ಕೆ ಇಷ್ಟೊಂದು ಹುಳೀನಾ? ಮೈಸೂರಿಗೆ ಹೋದಾಗ್ಲೂ ಇಷ್ಟು ಮಾಡಿಟ್ಟಿರ್ಲಿಲ್ಲ.”

“ಕೈ ಓಡ್ತು, ಮಾಡ್ದೆ.”

“ಅಮ್ಮಾ, ವಿ ಕ್ಯಾನ್ ಆರ್ಡರ್ ಇನ್,” ಸೋಫಾದಿಂದ ಮಗಳು ಅನಘಾ.

“ಅದಿರ್ಲಿ,” ಎಂದ ಗಿರೀಶ, “ನಿನ್ನ ಪಂಡಿತರು ಚಲನೆ ಬಗ್ಗೆ ಏನಂತಾರೆ? ನನ್ನಂಥವನಿಗೆ ಅರ್ಥ ಆಗೋ ಹಾಗೆ ಹೇಳು.”

“ಬಾಗ್ದಾದ್ ಕಡೆ ಕೆಲವರು ಅಂತಾರೆ, ಈ ಕ್ಷಣ ಇಲ್ಲಿ, ಮುಂದಿನ ಕ್ಷಣ ಪಕ್ಕದಲ್ಲಿ, ಅಷ್ಟೇ ಚಲನೆ. ಬುಖಾರಾದ ಒಬ್ಬ ವೈದ್ಯ ಒಪ್ಪಲ್ಲ ರೀ. ಹೊರಟ ಜಾಗಕ್ಕೂ ಸೇರೋ ಜಾಗಕ್ಕೂ ನಡುವೆ ಇರೋದೇ ಚಲನೆ, ಅದು ಒಂದೊಂದು ಕ್ಷಣದಲ್ಲೂ ಪೂರ್ತಿ ನಿಜ ಅಂತಾನೆ. ಇಡೀ ದಾರಿ ಅನ್ನೋದು ಮಾತ್ರ ನಮ್ಮ ಮನಸ್ಸು ಎಳೆಯೋ ಗೆರೆ.”

“ಯಾರು ಸರಿ?”

“ಇನ್ನೂ ಓದ್ಬೇಕು.”

“ಓದ್ಕೊಂಡು ಬಾ, ಮೂರು ದಿನ ಇದ್ಯಲ್ಲ.” ನಗುತ್ತ ಲೋಟ ಸಿಂಕಿಗಿಟ್ಟು ಹೋದ.

ಮೂರು ದಿನಕ್ಕೆ ಆರು ಡಬ್ಬಿ ಸಾಕಿತ್ತು. ಕಳೆದ ಭಾನುವಾರದಿಂದ ಅವಳು ಗೊಜ್ಜು, ಪಲ್ಯ, ಅರೆಬೆಂದ ಚಪಾತಿ ಎಂದು ಮಾಡುತ್ತಲೇ ಇದ್ದಳು. ಮನಸ್ಸು ಶುಕ್ರವಾರಕ್ಕೆ ಕಾಯುತ್ತಿದೆ ಅಂದುಕೊಂಡಿದ್ದಳು, ಕೈಗಳು ಕಾದಿರಲಿಲ್ಲ. ಇನ್ನೂ ಕೆಲ್ಲಿವಿಲ್ಲಿನ ಈ ಮನೆ ಬಿಟ್ಟಿಲ್ಲ, ಮೆಲ್ಬರ್ನ್ ಮುಟ್ಟಿಲ್ಲ. ಆದರೂ ಅವಳು ನಿಂತವಳಲ್ಲ. ಭಯವಾಗಬೇಕಿತ್ತು. ಬದಲಿಗೆ ನಗು ಬಂತು.

ಶುಕ್ರವಾರ ಸೆಮಿನಾರಿನ ಊಟದ ಬಿಡುವಿನಲ್ಲಿ ವಿಶ್ವವಿದ್ಯಾಲಯದ ಆಫೀಸಿಗೆ ಹೋಗಿ ಒಪ್ಪಿಗೆಗೆ ಸಹಿ ಹಾಕುವುದು. ಮನೆಗೆ ಆಮೇಲೆ ಹೇಳಿದರಾಯಿತು.

“ನಾಳೆ ಎಷ್ಟು ಗಂಟೆಗೆ ಡ್ರಾಪ್ ಮಾಡ್ಲಿ?” ಒಳಗಿನಿಂದ ಗಿರೀಶ ಕೇಳಿದ.

“ಐದೂವರೆಗೆ ಹೊರಟ್ರೆ ಸಾಕು ರೀ,” ಎಂದು ಅನಸೂಯಾ ಸಾರಿನ ಪುಡಿಗೆ ಮೆಣಸಿನಕಾಯಿ ಹುರಿಯಲು ಬಾಣಲೆ ಇಟ್ಟಳು.